ಉರಿ ತಿಳಿಯದ ಕೈ

ಮಸ್ಕಿ
೧೨ ಜನವರಿ ೧೯೯೨

ತಂಗಿ ಪಾರ್ವತಿಗೆ,

ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ. ಸಿಂಧನೂರಿನವರು ಒಪ್ಪಿದರು. ಹೋದ ಸಲ ನೀನು ಊರಿಗೆ ಬಂದಾಗ ನೋಡಲು ಬಂದಿದ್ದನಲ್ಲ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅಂಬಪ್ಪ, ಅವನೇ. ಅವನೂ ಅವನ ತಾಯಿ ಆದಮ್ಮನೂ ಮೊನ್ನೆ ಮನೆಗೆ ಬಂದು ಊಟ ಮಾಡಿ ಹೋದರು. ಮದುವೆ ದೀಪಾವಳಿ ಆದಮೇಲೆ ಎಂದು ಮಾತಾಯಿತು. ನಿನ್ನ ವೈನಿ ಬಸ್ಸಮ್ಮನನ್ನು ಹಿಡಿಯುವವರಿಲ್ಲ. ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದಿದ್ದಾಳೆ.

ಆದಮ್ಮ ಊಟದ ನಡುವೆ ಒಂದು ಮಾತು ಕೇಳಿದರು. "ಹುಡುಗಿ ಹೈದರಾಬಾದಿನಾಗ ಏನ ಕೆಲಸ ಮಾಡ್ತಾಳ್ರಿ?"

"ಲ್ಯಾಬಿನಾಗ ಅದಾಳ್ರಿ. ಪರೀಕ್ಷಾ ಮಾಡ್ತಾಳ."

"ಎದರ ಪರೀಕ್ಷಾ?"

"ರಕ್ತದ್ದು" ಅಂದುಬಿಟ್ಟೆ. ನೀನೂ ಹಾಗೆಯೇ ಹೇಳು. ನೀನು ಕುಷ್ಠರೋಗದ ಲ್ಯಾಬಿನಲ್ಲಿ ಇರುವುದು ಅವರಿಗೆ ಈಗಲೇ ಗೊತ್ತಾಗಬೇಕಿಲ್ಲ. ಆ ರೋಗದ ಹೆಸರು ತೆಗೆದರೆ ನಮ್ಮ ಕಡೆ ಜನ ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಾರೆ. ನಿನಗೆ ಗೊತ್ತಿಲ್ಲದ್ದೇನಲ್ಲ.

ಹೊಲಿಗೆ ಅಂಗಡಿ ನಡೆದಿದೆ. ಬಸ್ ನಿಲ್ದಾಣದ ಎದುರಿಗೇ ಇರುವುದರಿಂದ ಗಿರಾಕಿಗೆ ಕೊರತೆ ಇಲ್ಲ. ಕಾಜಾ ಮಾಡುವುದು, ಗುಂಡಿ ಹಚ್ಚುವುದು ಈಗ ಬಸ್ಸಮ್ಮನ ಪಾಲಿಗೆ. ನನಗೆ ಪುರಸೊತ್ತು ಸಿಗುವುದಿಲ್ಲ.

ನಿನ್ನ ಅಣ್ಣ,
ಕನಕರಾಯ


ಹೈದರಾಬಾದ್
೨ ಫೆಬ್ರವರಿ ೧೯೯೨

ಅಣ್ಣಾ,

ಅಂಬಪ್ಪನವರ ಸುದ್ದಿ ಓದಿ ಸಂತೋಷವಾಯಿತು. ನಾಚಿಕೆ ಬಿಟ್ಟು ಬರೆಯುತ್ತೇನೆ, ಮಾತಿನಲ್ಲಿ ಮರ್ಯಾದೆ ಇರುವ ಮನುಷ್ಯ ಅನ್ನಿಸಿತ್ತು. ಆದರೆ ಸುಳ್ಳು ಹೇಳಿ ಶುರು ಮಾಡುವುದು ನನಗೆ ಹಿಡಿಸಲಿಲ್ಲ. ಇರಲಿ, ಸಮಯ ನೋಡಿ ನಾನೇ ಹೇಳುತ್ತೇನೆ.

ನಮ್ಮಲ್ಲಿ ಹೊಸ ಯಂತ್ರ ಬಂದಿದೆ. ನೋಡಲು ಒಂದು ಟ್ರಂಕಿನಷ್ಟು, ಅಷ್ಟೇ. ಒಳಗೆ ಸಣ್ಣ ಸಣ್ಣ ನಳಿಕೆ ಇಟ್ಟರೆ ಬಿಸಿ ಮಾಡುತ್ತದೆ, ತಣಿಸುತ್ತದೆ, ಮತ್ತೆ ಬಿಸಿ ಮಾಡುತ್ತದೆ. ರೋಗಿಯ ಮೈಯಿಂದ ತೆಗೆದ ಚೂರಿನಲ್ಲಿ ಕುಷ್ಠದ ರೋಗಾಣುವಿನ ಒಂದಿಷ್ಟು ಗುರುತು ಇದ್ದರೂ ಸಾಕು, ಅದನ್ನೇ ಮತ್ತೆ ಮತ್ತೆ ನಕಲು ಮಾಡಿ ಕಣ್ಣಿಗೆ ಕಾಣುವಷ್ಟು ಹೆಚ್ಚಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಷ್ಟು ಹುಡುಕಿದರೂ ಸಿಗದದ್ದು ಇದರಲ್ಲಿ ಮರುದಿನಕ್ಕೆ ಸಿಗಬಹುದು. ನಡುವೆ ಕರೆಂಟು ಹೋದರೆ ಮಾತ್ರ ಎಲ್ಲವೂ ಮೊದಲಿನಿಂದ. "ಇದು ಲಿಂಗಸುಗೂರಿನಂಥ ಊರಿನ ದವಾಖಾನೆಗೆ ಬಂದ ದಿನ ಹೇಳು, ಆವಾಗ ಸಿಹಿ ಹಂಚೋಣ" ಎನ್ನುತ್ತಾರೆ ನಮ್ಮ ಮೇಡಂ. ರೋಗಿಗಳನ್ನು ನೋಡುವ ಡಾಕ್ಟರೂ ಅವರೇ, ಲ್ಯಾಬಿನ ಮುಖ್ಯಸ್ಥರೂ ಅವರೇ.

ಈಗ ಇನ್ನೊಂದು ಮಾತು. ನಿನ್ನ ಪತ್ರ ಓದಲು ನನಗೆ ಅರ್ಧ ದಿನ ಹಿಡಿಯಿತು. ಅಕ್ಷರ ಒಂದು ಕಡೆ ಏರಿದೆ, ಒಂದು ಕಡೆ ಜಾರಿದೆ. ನನಗೆ ಅಕ್ಷರ ತಿದ್ದಿಸಿದವನೇ ನೀನು. ದೀಪಾವಳಿಗೆ ಬಂದಾಗ ವೈನಿ ಹೇಳಿದ್ದಳು, "ನಿಮ್ಮಣ್ಣ ಮನಿಗೆ ಬಂದ್ರ ಮಾತಾಡಂಗಿಲ್ಲ, ಗ್ವಾಡಿ ಕಡೆ ಮುಖ ಮಾಡಿ ಕುಂದರ್ತಾನ" ಎಂದು. ದೊಡ್ಡಪ್ಪ ಕೆಡುವಾಗಲೂ ಹೀಗೆಯೇ ಆಗಿತ್ತು. ಅವನ ಕೈ ನಡುಗುತ್ತಿದ್ದದ್ದು ನಾವಿಬ್ಬರೂ ನೋಡಿದ್ದೇವೆ. ನೇರವಾಗಿ ಕೇಳುತ್ತೇನೆ, ಕುಡಿಯಲು ಶುರು ಮಾಡಿದ್ದೀಯಾ?

ಪಾರ್ವತಿ


ಮಸ್ಕಿ
೨೦ ಫೆಬ್ರವರಿ ೧೯೯೨

ಪಾರ್ವತಿ,

ಕೇಳಿದ್ದೀಯ, ಹೇಳುತ್ತೇನೆ. ಹೌದು. ಒಮ್ಮೊಮ್ಮೆ ಕುಡಿಯುತ್ತೇನೆ. ಅಂಗಡಿ ಮುಚ್ಚಿದ ಮೇಲೆ ಸ್ವಲ್ಪ. ಬಸ್ಸಮ್ಮನಿಗೆ ಬರೆಯಬೇಡ, ಸಿಂಧನೂರಿನವರ ಕಿವಿಗೂ ಬೀಳದಿರಲಿ. ಮದುವೆ ಹೊತ್ತಿಗೆ ಬಿಟ್ಟುಬಿಡುತ್ತೇನೆ.

ಕನಕರಾಯ


ಹೈದರಾಬಾದ್
೩ ಮಾರ್ಚ್ ೧೯೯೨

ಅಣ್ಣಾ,

ಇಲ್ಲ ಎಂದು ಬರೆಯುತ್ತೀಯ, ನನ್ನನ್ನು ಬೈಯುತ್ತೀಯ ಎಂದುಕೊಂಡಿದ್ದೆ. ದೊಡ್ಡಮ್ಮ ತಾಳಿ ಹಿಡಿದುಕೊಂಡು ಹೆಂಡದಂಗಡಿ ಮುಂದೆ ನಿಂತದ್ದನ್ನು ನೋಡಿದವನು ನೀನು. ಇನ್ನು ನನಗೆ ಬರೆಯಲು ಏನೂ ಇಲ್ಲ. ಬಿಟ್ಟ ದಿನ ತಿಳಿಸು.

ಪಾರ್ವತಿ


ಮಸ್ಕಿ
೯ ಜೂನ್ ೧೯೯೨

ತಂಗೀ,

ಮೂರು ತಿಂಗಳು ನಿನ್ನ ಕಾಗದ ಇಲ್ಲ. ಟಪಾಲಿನವನು ಅಂಗಡಿ ದಾಟಿ ಹೋಗುವಾಗಲೆಲ್ಲ ತಲೆ ಎತ್ತಿ ನೋಡುತ್ತೇನೆ. ಬಸ್ಸಮ್ಮ ಕೇಳಿದರೆ, ನಿನಗೆ ಕೆಲಸ ಹೆಚ್ಚಾಗಿದೆ ಎನ್ನುತ್ತೇನೆ.

ನಾನು ಬಿಟ್ಟೆ. ಬಿಡುವುದಕ್ಕೆ ಕಾರಣವೂ ಆಯಿತು. ಹೋದ ವಾರ ಒಂದು ಕೋಟಿಗೆ ಇಸ್ತ್ರಿ ಹಾಕುತ್ತಿದ್ದೆ. ಕುಡಿದ ಅಮಲಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಅಂಚು ಬಲಗೈಗೆ ಹತ್ತಿ ನಿಂತುಬಿಟ್ಟಿದೆ. ನನಗೆ ಗೊತ್ತೇ ಇಲ್ಲ. ಪಕ್ಕದ ಚಹಾ ಅಂಗಡಿಯ ದಾದೇಸಾಬ ವಾಸನೆ ಹಿಡಿದು ಓಡಿ ಬಂದ. "ಅರೇ ಕನಕರಾಯಾ, ಕೈ ಸುಡಾಕತ್ತದಲೋ! ಬಟ್ಟಿ ಅಲ್ಲ, ಕೈ!" ಎಂದು ಕೂಗಿದಾಗ ನೋಡಿಕೊಂಡೆ. ಕಿರುಬೆರಳಿನಿಂದ ಅಂಗೈ ಅಂಚಿನವರೆಗೆ ಬೊಬ್ಬೆ ಎದ್ದಿತ್ತು. ಕುಡಿತ ಮನುಷ್ಯನನ್ನು ಎಲ್ಲಿಗೆ ಒಯ್ಯುತ್ತದೆ ನೋಡು. ಆವತ್ತೇ ಆಣೆ ಮಾಡಿದೆ. ಇನ್ನಾದರೂ ಸಿಟ್ಟು ಬಿಟ್ಟು ಬರೆ.

ಕನಕರಾಯ


ಹೈದರಾಬಾದ್
೧೭ ಜೂನ್ ೧೯೯೨

ಅಣ್ಣಾ,

ನಿನ್ನ ಪತ್ರವನ್ನು ಲ್ಯಾಬಿನಲ್ಲಿ ಊಟದ ಹೊತ್ತಿನಲ್ಲಿ ಓದಿದೆ. ಓದಿ ಡಬ್ಬಿ ಮುಚ್ಚಿಟ್ಟೆ.

ಕುಡಿದವನಿಗೂ ಸುಟ್ಟರೆ ಉರಿಯುತ್ತದೆ, ಅಣ್ಣಾ. ದೊಡ್ಡಪ್ಪ ಬೀಡಿ ತಾಗಿಸಿಕೊಂಡು ಇಡೀ ಓಣಿ ಎದ್ದು ಕೂರುವಂತೆ ಕಿರುಚಿದ್ದ. ನಮ್ಮಲ್ಲಿಗೆ ಬರುವ ರೋಗಿಗಳನ್ನು ಮೇಡಂ ಮೊದಲು ಕೇಳುವ ಪ್ರಶ್ನೆಯೇ ಇದು: ಸುಟ್ಟಾಗ ಗೊತ್ತಾಯಿತಾ? ಗೊತ್ತಾಗಲಿಲ್ಲ ಎಂದರೆ ಕೈಯ ನರ ಹಿಡಿದು ನೋಡುತ್ತಾರೆ.

ನೀನು ಕುಡಿಯುತ್ತಿಲ್ಲ, ಅಲ್ಲವೇ?

ಹೀಗೆ ಮಾಡು. ಕಣ್ಣು ಮುಚ್ಚಿಕೊಂಡು ಕೂತು, ವೈನಿಗೆ ಹತ್ತಿಯ ಎಳೆಯಿಂದ ನಿನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಲು ಹೇಳು. ಎಲ್ಲಿ ಮುಟ್ಟಿದಳೆಂದು ನೀನು ತೋರಿಸಬೇಕು. ಕಿರುಬೆರಳು, ಅದರ ಪಕ್ಕದ ಬೆರಳು ತಪ್ಪಿದರೆ ಲಿಂಗಸುಗೂರಿಗೆ ಹೋಗು. ಮೈಮೇಲೆ ಎಲ್ಲಾದರೂ ಬಿಳಿ ಮಚ್ಚೆ ಇದೆಯಾ ಬರೆ. ಈ ಸಲ ಸುಳ್ಳು ಬೇಡ. ಸುಳ್ಳು ಹೇಳುವುದೂ ನಿನಗೆ ಬರುವುದಿಲ್ಲ.

ಪಾರ್ವತಿ


ಮಸ್ಕಿ
೫ ಜುಲೈ ೧೯೯೨

ಪಾರೂ,

ನೀನು ಬರೆದದ್ದು ನಿಜ. ಒಂದು ಹನಿ ಮುಟ್ಟಿಲ್ಲ.

ಹೋದ ವರ್ಷದ ಮಳೆಗಾಲದಿಂದ ಕಿರುಬೆರಳು ಜೋಮು ಹಿಡಿದಂತೆ ಇತ್ತು. ಹೊಲಿಗೆಯವರಿಗೆ ಇದ್ದದ್ದೇ ಎಂದುಕೊಂಡೆ. ಆಮೇಲೆ ಅದರ ಪಕ್ಕದ್ದೂ ಹೋಯಿತು. ಸೂಜಿ ಹಿಡಿದರೆ ಹಿಡಿದದ್ದು ತಿಳಿಯುವುದಿಲ್ಲ. ಕತ್ತರಿಗೆ ಜೋರು ಬರುವುದಿಲ್ಲ. ಸಿಂಧನೂರಿನಲ್ಲಿ ಒಬ್ಬ ಖಾಸಗಿ ಡಾಕ್ಟರು ನರದ ನಿಶ್ಶಕ್ತಿ ಎಂದು ಸೂಜಿ ಮೇಲೆ ಸೂಜಿ ಚುಚ್ಚಿದರು. ಏನೂ ಆಗಲಿಲ್ಲ. ಆ ದೊಡ್ಡ ರೋಗವೇ ಇರಬಹುದೇ ಎಂಬ ಯೋಚನೆ ನನಗೂ ಬಂದಿತ್ತು. ಆದರೆ ಅಷ್ಟರಲ್ಲಿ ನಿನ್ನ ಸಂಬಂಧದ ಮಾತು ಶುರುವಾಗಿತ್ತು. ನೀನು ಕುಡಿಯುತ್ತೀಯಾ ಎಂದು ಕೇಳಿದಾಗ ನನಗೆ ಉಸಿರು ಬಂದ ಹಾಗಾಯಿತು. ಕುಡುಕನ ತಂಗಿಯನ್ನು ಜನ ತಂದುಕೊಳ್ಳುತ್ತಾರೆ.

ನಿನ್ನ ಪತ್ರವನ್ನು ಬಸ್ಸಮ್ಮನ ಕೈಗೇ ಕೊಟ್ಟೆ. ಅವಳು ನಾಲ್ಕನೇ ಇಯತ್ತೆ ಓದಿದವಳು, ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ರೋಗದ ಮಾತಿಗೆ ಅಳುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಸಿಟ್ಟು ಬಂದದ್ದು ಬೇರೆಯದಕ್ಕೆ.

"ಕುಡೀತೀನಿ ಅಂತ ಬರದೀ? ಊರಾಗಿನ ಹೆಂಗಸ್ರು ನನ್ನ ನೋಡಿ, ನಿನ್ನ ಗಂಡ ಮುಟ್ಟಂಗಿಲ್ಲ ತಗೋ ಅಂತ ಹೊಟ್ಟಿ ಉರ್ಕೋತಾರ. ಅದನ್ನೂ ಕಳದ್ಯಲ್ಲ!"

ಆಮೇಲೆ ಹತ್ತಿ ತಂದಳು. ನಾನು ಕಣ್ಣು ಮುಚ್ಚಿದೆ. ಬಹಳ ಹೊತ್ತು ಅವಳು ಏನೂ ಮಾಡದೆ ಕೂತಿದ್ದಾಳೆ ಅನ್ನಿಸಿ, "ಮುಟ್ಟು ಮತ್ತ" ಅಂದೆ.

"ಮುಟ್ಟಾಕತ್ತೀನಿ" ಅಂದಳು. ಆವಾಗ ಅಳು ಬಂದದ್ದು ಅವಳ ದನಿಯಲ್ಲಿ ತಿಳಿಯಿತು.

ಕುಷ್ಠರೋಗ ಇಲಾಖೆಯ ಮೌಲಾಹುಸೇನ ನಿನಗೆ ಗೊತ್ತಲ್ಲ, ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಜನರ ಮೈ ನೋಡುವವನು. ಅವನ ಪ್ಯಾಂಟು ಹೊಲಿಯುವವನೇ ನಾನು. ಅವನಿಗೆ ಹೇಳಿದೆ. ಮೊಣಕೈ ಹಿಂದೆ ಬೆರಳಿಟ್ಟು ಒತ್ತಿ, "ನರ ಹಗ್ಗ ಆಗ್ಯಾದಲ್ಲೋ ಮಾರಾಯಾ" ಅಂದ. ಮರುದಿನ ಅವನೇ ಲಿಂಗಸುಗೂರಿಗೆ ಕರೆದೊಯ್ದ. ಮೈಮೇಲೆ ಮಚ್ಚೆ ಒಂದೂ ಇಲ್ಲ. ಕಿವಿ ಹಾಲೆ ಗೀರಿ ಗಾಜಿಗೆ ಹಚ್ಚಿ ನೋಡಿದರು. ರೋಗಾಣು ಇಲ್ಲ ಎಂದು ಬಂತು.

ಇಲ್ಲ ಎಂದಮೇಲೆ ಇಲ್ಲ. ಇನ್ನು ಈ ಮಾತು ಬಿಡೋಣ.

ಕನಕರಾಯ


ಹೈದರಾಬಾದ್
೧೪ ಜುಲೈ ೧೯೯೨

ಅಣ್ಣಾ,

ವೈನಿಯ ಮಾತು ಓದಿ ನಕ್ಕೆ. ಹತ್ತಿಯ ಮಾತಿಗೆ ಬಂದಾಗ ಪತ್ರ ಕೆಳಗಿಟ್ಟೆ. ಮಾರ್ಚ್ ತಿಂಗಳಲ್ಲಿ ನಾನು ಬರೆದ ಕಾಗದವನ್ನು ಹರಿದುಹಾಕು.

ಆದರೆ ಮಾತು ಬಿಡುವ ಹಾಗಿಲ್ಲ. ಈ ರೋಗ ಕೆಲವರಲ್ಲಿ ಚರ್ಮಕ್ಕೆ ಬರುವುದೇ ಇಲ್ಲ, ನರದೊಳಗೇ ಕೂತಿರುತ್ತದೆ. ಅಂಥವರ ಕಿವಿ ಹಾಲೆಯಲ್ಲಿ ಹುಡುಕಿದರೆ ಏನು ಸಿಕ್ಕೀತು? ಲಿಂಗಸುಗೂರಿನವರ ತಪ್ಪಲ್ಲ, ಆ ಪರೀಕ್ಷೆಯ ಮಿತಿಯೇ ಅಷ್ಟು. ಮೇಡಂ ಅವರಿಗೆ ನಿನ್ನ ವಿಷಯ ಹೇಳಿದೆ. ಮೂಗಿನೊಳಗೆ ಹತ್ತಿಕಡ್ಡಿ ಸವರಿ ತೆಗೆದದ್ದನ್ನು ಹಿಮದ ಡಬ್ಬಿಯಲ್ಲಿ ಕಳಿಸಿದರೆ ಹೊಸ ಯಂತ್ರದಲ್ಲಿ ಹಾಕಿ ನೋಡೋಣ ಎಂದಿದ್ದಾರೆ. ಮೌಲಾಹುಸೇನಣ್ಣನಿಗೆ ಬೇರೆ ಕಾಗದ ಬರೆದಿದ್ದೇನೆ. ರಾಯಚೂರಿಗೆ ಹೋಗುವಾಗ ಡಬ್ಬಿ ಒಯ್ದು ಹೈದರಾಬಾದ್ ಬಸ್ಸಿಗೆ ಹಾಕುತ್ತಾನೆ.

ಪಾರ್ವತಿ


ಹೈದರಾಬಾದ್
೩ ಆಗಸ್ಟ್ ೧೯೯೨

ಅಣ್ಣಾ,

ಡಬ್ಬಿ ಬಂತು. ಹಿಮ ಅರ್ಧ ಕರಗಿತ್ತು, ಆದರೂ ನಡೆಯುತ್ತದೆ ಎಂದರು. ಯಂತ್ರಕ್ಕೆ ನಾನೇ ಇಡಲು ಹೋದೆ. "ಸ್ವಂತ ಅಣ್ಣನದು ನೀನು ಮಾಡಬೇಡ. ಕೈ ನಡುಗಿದರೆ ಇದ್ದದ್ದು ಇಲ್ಲ ಆಗುತ್ತೆ, ಇಲ್ಲದ್ದು ಇದೆ ಆಗುತ್ತೆ" ಎಂದು ಮೇಡಂ ಬೇರೆಯವರಿಗೆ ಕೊಟ್ಟರು.

ಫಲಿತಾಂಶ: ಸಿಗಲಿಲ್ಲ.

ಇದನ್ನು ಓದಿ ಕುಣಿಯಬೇಡ. ಮೂಗಿನಲ್ಲಿ ಸಿಗಲಿಲ್ಲ ಎಂದಷ್ಟೇ ಇದರ ಅರ್ಥ. ನರದಲ್ಲಿ ಇಲ್ಲ ಎಂದಲ್ಲ. ನೀನು ಇಲ್ಲಿಗೇ ಬರಬೇಕು. ಮಣಿಕಟ್ಟಿನ ಹತ್ತಿರ ಚರ್ಮದ ಕೆಳಗಿನ ಸಣ್ಣ ನರದ ಎಳೆಯೊಂದನ್ನು ತೆಗೆದು ನೋಡಬೇಕು. ಹೊರಗಿನ ಗಾಯ ಸಣ್ಣದು. ತಡವಾದಷ್ಟೂ ಕೈ ಕೆಡುತ್ತದೆ.

ಪಾರ್ವತಿ


ಮಸ್ಕಿ
೧೨ ಆಗಸ್ಟ್ ೧೯೯೨

ಪಾರ್ವತಿ,

ನಿಮ್ಮ ಯಂತ್ರದ ನ್ಯಾಯ ನನಗೆ ತಿಳಿಯಲಿಲ್ಲ. ಸಿಕ್ಕಿದರೆ ರೋಗ ಇದೆ ಎನ್ನುತ್ತೀರಿ. ಸಿಗದಿದ್ದರೂ ರೋಗ ಇರಬಹುದು ಎನ್ನುತ್ತೀರಿ. ಹಾಗಾದರೆ ಕೇಳುವುದೇಕೆ? ಲಿಂಗಸುಗೂರಿನ ಗಾಜು ಇಲ್ಲ ಎಂದಿತು, ಹೈದರಾಬಾದಿನ ಯಂತ್ರ ಇಲ್ಲ ಎಂದಿತು. ಇದೆ ಎನ್ನುತ್ತಿರುವವಳು ನೀನೊಬ್ಬಳೇ.

ಮೌಲಾಹುಸೇನ ದಿನಾ ಬಂದು ತಲೆ ತಿನ್ನುತ್ತಾನೆ. "ಹೊಲಿಗ್ಯಾಗ ಟಾಕಿ ಬಿಚ್ಚಿದ್ದು ಮ್ಯಾಲಿಂದ ಕಾಣದಿದ್ರ ಒಳಗ ತಿರುವಿ ನೋಡಾಂಗಿಲ್ಲೇನು?" ಎನ್ನುತ್ತಾನೆ. ನನಗೇ ಹೊಲಿಗೆ ಕಲಿಸಲು ಬರುತ್ತಾನೆ.

ದೀಪಾವಳಿ ದೂರವಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡು ಹೈದರಾಬಾದಿನಿಂದ ಇಳಿದರೆ ಹತ್ತು ಬಾಯಿ ಹತ್ತು ಮಾತಾಡುತ್ತವೆ. ನಿನ್ನನ್ನು ಕಳಿಸಿಕೊಟ್ಟ ಮರುದಿನ ನಾನೇ ಬಸ್ಸು ಹತ್ತುತ್ತೇನೆ. ಅಲ್ಲಿಯವರೆಗೆ ಈ ಮಾತು ಎತ್ತಬೇಡ.

ಕನಕರಾಯ


ಹೈದರಾಬಾದ್
೩೦ ಆಗಸ್ಟ್ ೧೯೯೨

ಅಣ್ಣಾ,

ಮದುವೆ ದೀಪಾವಳಿಗೆ ಆಗುವುದಿಲ್ಲ. ನನಗೆ ಇಲ್ಲಿ ರಜೆ ಸಿಗಲಿಲ್ಲ. ಅಂಬಪ್ಪನವರು ತರಬೇತಿಗೆಂದು ಇಲ್ಲಿಗೆ ಬಂದಿದ್ದರು, ಮಾತಾಡಿದೆವು. ಯುಗಾದಿ ಆದಮೇಲೆ ನೋಡೋಣ ಎಂದಾಗಿದೆ. ನೀನು ಸಿಂಧನೂರಿಗೆ ಹೋಗಿ ಏನೂ ಹೇಳುವುದು ಬೇಡ, ಅವರಿಗೆ ಎಲ್ಲಾ ಗೊತ್ತಿದೆ.

ಈಗ ನಿನಗೆ ನೆಪ ಉಳಿಯಲಿಲ್ಲ. ವೈನಿಯನ್ನು ಕರೆದುಕೊಂಡು ಬಾ. ನಾನಿರುವ ಕೋಣೆಯ ಜೊತೆಗಾತಿ ಊರಿಗೆ ಹೋಗಿದ್ದಾಳೆ, ನಿಮಗೆ ಜಾಗ ಇದೆ.

ಪಾರ್ವತಿ


ಮಸ್ಕಿ
೪ ಅಕ್ಟೋಬರ್ ೧೯೯೨

ಪಾರ್ವತಿ,

ಊರು ಸೇರಿದೆವು. ಮಣಿಕಟ್ಟಿನ ಗಾಯ ಒಣಗಿದೆ. ನಿಮ್ಮ ಮೇಡಂ ಹೇಳಿದಂತೆ ಬಿಳಿ ಮಾತ್ರೆ ದಿನಾ ನುಂಗುತ್ತಿದ್ದೇನೆ. ತಿಂಗಳಿಗೊಮ್ಮೆಯ ಕೆಂಪು ಮಾತ್ರೆಯನ್ನು ಮೌಲಾಹುಸೇನ ಎದುರಿಗೆ ನಿಂತು ನುಂಗಿಸುತ್ತಾನಂತೆ. ನರದ ಬಾವು ಇಳಿಯಲು ಕೊಟ್ಟ ಮಾತ್ರೆಯಿಂದ ಹಸಿವು ವಿಪರೀತ, ಬಸ್ಸಮ್ಮ ರೊಟ್ಟಿ ಬಡಿದು ಸೋತಳು.

ಅಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲ. ಎಳೆ ತೆಗೆದ ಮರುದಿನ ಸಂಜೆಯೇ ನೀನು ಬಾಗಿಲಲ್ಲಿ ಬಂದು ನಿಂತೆಯಲ್ಲ, ನಿನ್ನ ಮುಖ ನೋಡಿದ ಕೂಡಲೇ ಯಂತ್ರ ಈ ಸಲ ಇದೆ ಎಂದಿದೆ ಎಂದು ತಿಳಿಯಿತು. ನನಗೆ ಹೆದರಿಕೆ ಆಗಲಿಲ್ಲ. ಒಂದು ವರ್ಷದಿಂದ ಹೆಸರಿಲ್ಲದೆ ಹಿಂದೆ ಬಿದ್ದದ್ದಕ್ಕೆ ಒಂದು ಹೆಸರು ಸಿಕ್ಕಿತು ಅನ್ನಿಸಿತು, ಅಷ್ಟೇ. ಆ ಸಮಾಧಾನದಲ್ಲೇ ಬಸ್ಸು ಹತ್ತಿದೆ. ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು.

ಬೇಡ ಎಂದು ನೀನು ಬರೆದಿದ್ದೆ. ಆದರೂ ಮದುವೆ ಮುಂದೆ ಹಾಕಿದ್ದಕ್ಕೆ ಹಿರಿಯನಾಗಿ ಒಂದು ಮಾತು ಹೇಳದಿದ್ದರೆ ಹೇಗೆ ಎಂದು, ಬಸ್ಸಮ್ಮನನ್ನು ಮಸ್ಕಿಗೆ ಕಳಿಸಿ, ನಾನು ಸಿಂಧನೂರಿನಲ್ಲಿ ಇಳಿದೆ. ಆದಮ್ಮ ಬಾಗಿಲಿಗೆ ಬಂದರು. "ಅಲ್ಲೇ ಕಟ್ಟಿ ಮ್ಯಾಲ ಕುಂದರ್ರಿ" ಅಂದರು. ಕೂತೆ. ನೀರು ತರಲಿಲ್ಲ.

"ಯುಗಾದಿ ಆದಮ್ಯಾಲ ಅಂತ ನಮ್ಮ ಹುಡುಗಿ ಹೇಳ್ಯಾಳ್ರಿ. ನೀವು ಮನಸಿಗೆ ಹಚ್ಕೋಬ್ಯಾಡ್ರಿ" ಎಂದು ನಾನು ಶುರು ಮಾಡಿದೆ.

ಆದಮ್ಮ ನನ್ನ ಕೈ ನೋಡುತ್ತಿದ್ದರು. "ಯಾವ ಯುಗಾದಿ ಕನಕರಾಯಪ್ಪಾ? ಆ ಮಾತು ಮುಗದು ಒಂದು ತಿಂಗಳ ಮ್ಯಾಲಾತು. ನಿಮ್ಮ ಹುಡುಗಿನೇ ಎಲ್ಲಾ ಹೇಳ್ಯಾಳ. ನೀವು ಮುಚ್ಚಿಟ್ರಿ, ಆಕಿ ಹೇಳಿದಳು. ಆಕಿ ಬಗ್ಗೆ ನಂದೇನು ತಕರಾರಿಲ್ಲ. ಆದ್ರ ನನಗ ಇನ್ನಾ ಇಬ್ಬರು ಹೆಣ್ಣುಮಕ್ಕಳದಾರ, ಅವರಿಗೂ ಗಂಡು ಹುಡುಕಬೇಕು."

ಅಂಬಪ್ಪ ಒಳಗಿದ್ದ. ಹೊರಗೆ ಬಂದು ಚಪ್ಪಲಿ ಮೆಟ್ಟಿ ನನ್ನ ಜೊತೆ ಬಸ್ ನಿಲ್ದಾಣದವರೆಗೂ ಬಂದ. ಬಸ್ಸು ಬಂದಾಗ, "ನಂಗ ಧೈರ್ಯ ಆಗಲಿಲ್ರಿ" ಎಂದ. ನಾನು ಬಸ್ಸು ಹತ್ತಿ ಸೀಟು ಹಿಡಿದು ಕೂತೆ.

ನನ್ನ ಎರಡು ಬೆರಳಿಗಾಗಿ ನಿನ್ನ ಬಾಳು ಕೊಟ್ಟುಬಿಟ್ಟೆಯಾ? ಯಾರನ್ನು ಕೇಳಿ ಹೇಳಿದೆ? ಒಂದು ವರ್ಷ ನಾನು ಹಲ್ಲು ಕಚ್ಚಿ ಮುಚ್ಚಿಟ್ಟದ್ದು ಯಾರಿಗಾಗಿ? ಬಸ್ಸಮ್ಮನಿಗೆ ಇನ್ನೂ ಹೇಳಿಲ್ಲ. ಮದುವೆಗೆಂದು ತೆಗೆದಿಟ್ಟ ಸೀರೆಗಳ ಪೆಟ್ಟಿಗೆ ಒರೆಸುತ್ತಿದ್ದಾಳೆ.

ಕನಕರಾಯ


ಹೈದರಾಬಾದ್
೧೫ ಅಕ್ಟೋಬರ್ ೧೯೯೨

ಅಣ್ಣಾ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಗಸ್ಟಿನಲ್ಲಿ ಅಂಬಪ್ಪನವರು ಲ್ಯಾಬಿನ ಗೇಟಿಗೆ ಬಂದಾಗ, ಒಳಗೆ ಬನ್ನಿ ಎಂದೆ. ಬಂದರು. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಕುಷ್ಠರೋಗ ಎಂದೇ ಇದೆ, ನಾನು ಬಾಯಿಂದ ಹೇಳುವ ಕೆಲಸ ಉಳಿಯಲಿಲ್ಲ. ಬೇವಿನ ಗಿಡದ ಕೆಳಗೆ ಕೂತು ನಿನ್ನ ಕೈಯ ವಿಷಯ ಹೇಳಿದೆ. ಖಚಿತವಾಗಿಲ್ಲ, ಆದರೆ ಇದೇ ಇರಬಹುದು ಎಂದೆ. ಅವರು ಬಹಳ ಸರಿಯಾದ ಪ್ರಶ್ನೆ ಕೇಳಿದರು. "ಮಾತ್ರೆಗೆ ಹೋಗ್ತದ ಅಂದ್ರ ಮತ್ತ ಇದರಾಗ ಮುಚ್ಚಿಡೂದೇನದ?" ಎಂದರು. ಆವತ್ತು ನನಗೆ ಎಷ್ಟು ಹಗುರ ಆಯಿತೆಂದರೆ, ಈ ಮನುಷ್ಯನ ಜೊತೆ ಬಾಳಬಹುದು ಅನ್ನಿಸಿತು. ವಾರದ ಮೇಲೆ ಒಂದು ಕಾರ್ಡು ಬಂತು. ತಾಯಿ ಒಪ್ಪುವುದಿಲ್ಲ, ಕ್ಷಮಿಸಿ, ಅಷ್ಟೇ ಇತ್ತು.

ಅದನ್ನು ನಿನಗೆ ಬರೆದಿದ್ದರೆ ನೀನು ಬರುತ್ತಿರಲಿಲ್ಲ. ತಪ್ಪು ನನ್ನದೇ ಎಂದು ನೀನು ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದೆ. ಅದಕ್ಕೇ ರಜೆಯ ಕಥೆ ಕಟ್ಟಿದೆ. ಸುಳ್ಳು ಹೇಳುವುದರಲ್ಲಿ ನಿನಗಿಂತ ನಾನು ವಾಸಿ.

ನಿನ್ನ ಬೆರಳಿಗಾಗಿ ಬಾಳು ಕೊಟ್ಟೆ ಎಂದು ಬರೆದಿದ್ದೀಯ. ಹಾಗೇನಿಲ್ಲ. ಮುಚ್ಚಿಟ್ಟು ಆ ಮನೆಗೆ ಹೋಗಿದ್ದರೆ, ಪ್ರತಿ ಹಬ್ಬಕ್ಕೂ ನೀನು ಬಂದಾಗ ಆದಮ್ಮ ನಿನ್ನ ಕೈ ನೋಡುತ್ತಿದ್ದರು, ನಾನು ಆದಮ್ಮನ ಕಣ್ಣು ನೋಡುತ್ತಿದ್ದೆ. ಅದು ನನಗೆ ಬೇಕಿರಲಿಲ್ಲ. ದುಃಖ ಆಗಲಿಲ್ಲ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಆಯಿತು. ಈಗ ಕಡಿಮೆ.

ವೈನಿಗೆ ನೀನೇ ಹೇಳು. ಸೀರೆ ಉಡುವುದು ಬಿಟ್ಟು ಪೆಟ್ಟಿಗೆಯಲ್ಲಿ ಇಡುವುದು ಯಾಕೆ, ಅವಳೇ ಉಡಲಿ. ಮಾತ್ರೆ ಒಂದು ದಿನವೂ ತಪ್ಪಿಸಬೇಡ. ಬಾವಿನ ಮಾತ್ರೆ ನಿಧಾನವಾಗಿ ಕಡಿಮೆ ಮಾಡಬೇಕು, ನೀನಾಗಿ ನಿಲ್ಲಿಸಬಾರದು.

ಪಾರ್ವತಿ


ಮಸ್ಕಿ
೧೮ ಏಪ್ರಿಲ್ ೧೯೯೩

ಪಾರೂ,

ಚಳಿಗಾಲವೆಲ್ಲ ನಾನು ಬರೆಯಲಿಲ್ಲ. ಸಿಟ್ಟಿಗಲ್ಲ. ಏನಾದರೂ ಹೇಳುವಂಥದ್ದು ಆಗಲಿ ಎಂದು ಕಾಯುತ್ತಿದ್ದೆ. ಬಸ್ಸಮ್ಮ ಬರೆಸಿದ ಕಾರ್ಡುಗಳಿಂದ ಉಳಿದದ್ದು ನಿನಗೆ ಗೊತ್ತಿದೆ.

ಮಾತ್ರೆ ಮುಗಿದವು. ಲಿಂಗಸುಗೂರಿನಲ್ಲಿ ಕೈ ಹಿಡಿಸಿ, ಬಿಡಿಸಿ ನೋಡಿದರು. ಉಂಗುರದ ಬೆರಳಿಗೆ ಹತ್ತಿ ತಿಳಿಯುತ್ತದೆ. ಕತ್ತರಿಗೆ ಜೋರು ಬಂದಿದೆ, ದಪ್ಪ ಬಟ್ಟೆಗೆ ಮಾತ್ರ ಎರಡೂ ಕೈ ಬೇಕು. ಕಿರುಬೆರಳು ಡೊಂಕಾಗಿಯೇ ಉಳಿಯುತ್ತದಂತೆ. ಇನ್ನೊಂದು ವರ್ಷ ಬಿಟ್ಟಿದ್ದರೆ ಅಂಗೈಯೇ ಮುದುಡುತ್ತಿತ್ತು ಎಂದರು. ನಿಮ್ಮ ಯಂತ್ರ ಇಲ್ಲಿಗೆ ಯಾವಾಗ ಬರುತ್ತದೆ ಎಂದು ಮೌಲಾಹುಸೇನ ಕೇಳುತ್ತಿರುತ್ತಾನೆ. ಮೊದಲು ಕರೆಂಟು ಬರಲಿ ಎನ್ನುತ್ತೇನೆ.

ಇವತ್ತು ನಡೆದದ್ದು ಹೇಳಬೇಕು. ಮಧ್ಯಾಹ್ನ ಅಂಗಡಿಯಲ್ಲಿ ನಾಲ್ಕಾರು ಜನ ಇದ್ದರು. ದಾದೇಸಾಬ ಚಹಾ ಕೊಡಲು ಬಂದು ಕೂತಿದ್ದ. ನಮ್ಮ ಓಣಿಯ ಗ್ಯಾನಮ್ಮ ಮೊಮ್ಮಗಳ ಲಂಗದ ಬಟ್ಟೆ ತಂದಿದ್ದಳು. ಅಷ್ಟರಲ್ಲಿ ತುರ್ವಿಹಾಳದ ಲಾಲಪ್ಪ ಎಂಬ ಗದ್ದೆ ಕೂಲಿಯವನೊಬ್ಬ ಅಂಗಿ ಹೊಲಿಸಲು ಬಸ್ಸಿಳಿದು ಬಂದ. ಅಳತೆ ತೆಗೆಯಲು ನಿಲ್ಲಿಸಿದೆ. ನೋಡಿದರೆ ಒಂದು ಕಾಲಲ್ಲಿ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ.

"ಒಂದು ಚಪ್ಪಲಿ ಎಲ್ಲಿ ಬಿಟ್ಟಿ?" ಅಂದೆ.

ಅವನು ಕಾಲು ನೋಡಿಕೊಂಡ. "ಎಲ್ಲ್ಯೋ ಜಾರ್ಯಾದ ನೋಡ್ರಿ" ಎಂದು ನಕ್ಕ. ದಾದೇಸಾಬ ಎದ್ದು ಹೋಗಿ ರಸ್ತೆ ನಡುವೆ ಬಿದ್ದದ್ದನ್ನು ತಂದುಕೊಟ್ಟ. ಏಪ್ರಿಲ್ ತಿಂಗಳ ಡಾಂಬರು, ಪಾರೂ. ಬರಿಗಾಲಲ್ಲಿ ಅದನ್ನು ದಾಟಿ ಬಂದಿದ್ದಾನೆ, ಅವನಿಗೆ ಗೊತ್ತಾಗಿಲ್ಲ.

ಅವನನ್ನು ಬದಿಗೆ ಕರೆದು, "ದವಾಖಾನಿಗೆ ಒಮ್ಮಿ ತೋರಿಸು" ಎಂದು ಮೆಲ್ಲಗೆ ಹೇಳಿದೆ. "ನಂಗೇನಾಗ್ಯಾದ್ರಿ? ಗದ್ಯಾಗ ನಿಂತು ನಿಂತು ಕಾಲು ಜಡ್ಡುಗಟ್ಟ್ಯಾವ" ಅಂದ. ಎರಡು ಸಲ ಹೇಳಿದೆ, ಮೂರು ಸಲ ಹೇಳಿದೆ. ಅವನು ಬಟ್ಟೆ ಎತ್ತಿಕೊಂಡು ಹೊರಡಲು ತಯಾರಾದ. ಹೋದರೆ ಮತ್ತೆ ಈ ಕಡೆ ಬರುವವನಲ್ಲ ಎಂದು ನನಗೆ ತಿಳಿಯಿತು.

ಆಗ ಎಲ್ಲರ ಎದುರಿಗೇ ನನ್ನ ಕೈ ಚಾಚಿದೆ. "ಇಲ್ಲಿ ನೋಡು ಲಾಲಪ್ಪ. ನಾನೂ ಕೈ ಜಡ್ಡುಗಟ್ಟ್ಯಾದ ಅಂದ್ಕೊಂಡಿದ್ದೆ. ಅದು ಕುಷ್ಠ ಆಗಿತ್ತು. ಮಾತ್ರಿ ತಗೊಂಡೆ, ಹೋತು. ತಡ ಮಾಡಿದ್ದಕ್ಕ ಈ ಒಂದು ಬೆರಳು ಹೋತು. ನೀ ತಡ ಮಾಡಬ್ಯಾಡ."

ಬಸ್ಸಮ್ಮ ಗುಂಡಿ ಹಚ್ಚುತ್ತಿದ್ದವಳು ಸೂಜಿ ಹಾಗೇ ಹಿಡಿದು ಕೂತಳು. ಗ್ಯಾನಮ್ಮ ಬಟ್ಟೆ ಸುತ್ತಿಕೊಂಡಳು. "ಅರ್ಜೆಂಟಿಲ್ಲ ತಗೋ ಕನಕರಾಯಾ, ಆಮ್ಯಾಲೆ ತರ್ತೀನಿ" ಎಂದು ಮೆಟ್ಟಿಲಿಳಿದಳು. ಅವಳ ಹಿಂದೆ ಇನ್ನಿಬ್ಬರು ಹೋದರು. ದಾದೇಸಾಬ ಹೋಗಲಿಲ್ಲ. ಖಾಲಿ ಕಪ್ಪು ಹಿಡಿದುಕೊಂಡು ಬಾಯಿ ತೆರೆದು ಕೂತಿದ್ದವನು, "ಇಷ್ಟು ದಿನ ಅಮಲು ಅಂತ ಹೇಳಿ ನನ್ನ ಹುಚ್ಚ ಮಾಡಿದಿ" ಎಂದು ಬೈದು, ಮತ್ತೆ ಚಹಾ ತರಲು ಎದ್ದ.

ಲಾಲಪ್ಪ ನನ್ನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. "ನೋವು ಆಗ್ತದೇನ್ರಿ ಅಲ್ಲಿ?" ಎಂದ. ಆಗುವುದಿಲ್ಲ ಅಂದೆ. ಅವನ ಮುಖದ ನಗು ಆವಾಗ ಹೋಯಿತು. ಅಂಗಿಯ ಅಳತೆ ಕೊಟ್ಟ.

ನಾಳೆ ಮೊದಲ ಬಸ್ಸಿಗೆ ಬರುತ್ತೇನೆ, ಲಿಂಗಸುಗೂರಿಗೆ ಕರೆದೊಯ್ಯಿರಿ ಎಂದಿದ್ದಾನೆ. ಬಾರದಿದ್ದರೆ ನಾನೇ ತುರ್ವಿಹಾಳಕ್ಕೆ ಹೋಗುತ್ತೇನೆ. ಹೇಗೂ ನಾಳೆ ಅಂಗಡಿಗೆ ಗಿರಾಕಿ ಕಡಿಮೆ.

ನಿನ್ನ ಅಣ್ಣ,
ಕನಕರಾಯ